ಉಣ್ಣೆ ಬಿಡಿಸಿ ನೋಡಿದ ವೈದ್ಯೆ: ಡಾ. ರಾಧಾ

ಹುಣಸೂರು ಸೀಮೆಯಲ್ಲಿ ಹಸು ಎಮ್ಮೆಗಳ ಚಿಕಿತ್ಸೆಯಿಂದ ಪ್ರಸಿದ್ಧರಾದ ಪಶುವೈದ್ಯರು ಹಲವರು. ಆದರೆ ಹಿತ್ತಲಲ್ಲಿ ಹತ್ತಾರು ಕುರಿ ಕಟ್ಟಿಕೊಂಡು ಬದುಕುವವರ ಮನೆಬಾಗಿಲಲ್ಲಿ ಮೊದಲು ಕೇಳಿಬರುವುದು, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಡಾ. ರಾಧಾ ಅವರ ಹೆಸರು. ಅಂತರಸಂತೆಯಲ್ಲಿ ವೃತ್ತಿ ಆರಂಭಿಸಿ, ಕಾಡಂಚಿನ ದಾರಿಗಳನ್ನು ಸ್ಕೂಟರಿನಲ್ಲೇ ಸವೆಸಿದ ಅವರು ಕಟ್ಟೆಮಳಲವಾಡಿಯ ಕಡೆಗೆ ವರ್ಗವಾಗಿ ಬಂದದ್ದು ಜಡಿಮಳೆಯ ದಿನಗಳಲ್ಲಿ.

ಆಗೊಮ್ಮೆ ಅಲ್ಲಿ ಹಸುವೊಂದಕ್ಕೆ ಲಸಿಕೆ ಹಾಕಿ ಹೊರಟಿದ್ದ ರಾಧಾ ಅವರ ಕಣ್ಣಿಗೆ, ಪಕ್ಕದ ಮನೆಯಲ್ಲಿ ಕುರಿ ಸಾಕಿಕೊಂಡಿದ್ದ ಪುಟ್ಟಸಿದ್ದಮ್ಮನವರ ಕೊಟ್ಟಿಗೆಯ ಮೂಲೆಯಲ್ಲಿ ಮೇವು ಬಿಟ್ಟು ನಿಂತಿದ್ದ ತುಂಬುಗಬ್ಬದ ಕುರಿಯೊಂದು ಬಿತ್ತು.

“ಏನಿಲ್ಲ ಕಣ್ರವ್ವ, ನೋವು ಬಂದೈತೆ. ಇವತ್ತೋ ನಾಳೆಯೋ ಈಯ್ತದೆ” ಎಂದರು ಪುಟ್ಟಸಿದ್ದಮ್ಮ.

ಕುರಿ ಹಿಂಗಾಲು ಬಡಿಯುತ್ತಿತ್ತು, ಮತ್ತೆ ಮತ್ತೆ ತಿರುಗಿ ಬಾಲದ ಬುಡ ಕಚ್ಚಿಕೊಳ್ಳುತ್ತಿತ್ತು. ಒದ್ದೆ ಉಣ್ಣೆಯ ಸುತ್ತ ಹಸಿರು ನೊಣಗಳು ಮುತ್ತಿದ್ದವು. ರಾಧಾ ಅವರು ಉಣ್ಣೆ ಬಿಡಿಸಿ ನೋಡಿದರೆ, ಒಳಗೆ ಹುಳುಗಳು ಮಿಜಿಗುಡುತ್ತಿದ್ದವು!

ಪುಟ್ಟಸಿದ್ದಮ್ಮ, ಟಗರು ನೋಡಲೆಂದು ಬಂದಿದ್ದ ಹುಣಸೂರಿನ ಕುರಿ ವ್ಯಾಪಾರಿ ಅಬ್ದುಲ್ ಅಜೀಜರತ್ತ ತಿರುಗಿ, “ಎಲ್ಲಾ ಕುರೀನೂ ಒಡ್ಕಂಡ್ ಓಗ್ಬುಡಿ ಸಾಬ್ರೇ, ನನ್ ಕೈಲಾಗಕಿಲ್ಲ” ಎಂದು ಅತ್ತರು.

“ಮೊದ್ಲು ಜೀವ ಉಳೀಲಿ ಕಣಮ್ಮ, ಯಾಪಾರ ಎಲ್ಲೋಯ್ತದೆ?” ಎಂದ ಅಜೀಜರು ಕೆಸರಿನಲ್ಲೇ ಮಂಡಿಯೂರಿ ಕುರಿಯ ತಲೆ ಹಿಡಿದರು.

ರಾಧಾ ಅವರು ಸುತ್ತಲಿನ ಉಣ್ಣೆಯನ್ನು ಒಳ್ಳೆಯ ಚರ್ಮ ಕಾಣುವವರೆಗೂ ಕತ್ತರಿಸಿ, ಹುಳುಗಳು ಹೊರಬರಲೆಂದು ಗಾಯಕ್ಕೆ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಟ್ಟರು. ಹೊರಬಿದ್ದ ಹುಳುಗಳನ್ನೆಲ್ಲ ಚಿಮುಟದಿಂದ ಹೆಕ್ಕಿ, ಅವು ಮತ್ತೆ ನೊಣವಾಗದಂತೆ ಸುಟ್ಟು, ಗಾಯ ತೊಳೆದು, ಮುಲಾಮು ಹಚ್ಚಿ ಸೂಜಿ ಚುಚ್ಚಿದರು. ಅಷ್ಟಕ್ಕೇ ಅವರು ಹೊರಡಲಿಲ್ಲ.

“ಉಳಿದವನ್ನೂ ಹಿಡೀರಿ, ಒಂದನ್ನೂ ಬಿಡಬೇಡಿ!”

“ಅವು ಚೆಂದಾಗೇ ಅವೆಯಲ್ಲವ್ವ?” ಎಂದು ಪುಟ್ಟಸಿದ್ದಮ್ಮ ಅಂದದ್ದೇ ತಡ, ಭೇದಿಯಿಂದ ಹಿಂಭಾಗ ಕೊಳಕಾಗಿದ್ದ ಟಗರಿನ ಉಣ್ಣೆಯಲ್ಲಿ ನೊಣದ ಬಿಳಿ ಮೊಟ್ಟೆಗಳ ಗೊಂಚಲು ಕಂಡಿತು. ಹುಳುವಾಗುವ ಮೊದಲೇ ಸಿಕ್ಕಿತೆಂದು ರಾಧಾ ಅವರು ಮಗುವಿನಂತೆ ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ಇಡೀ ಮಂದೆಯ ಬಾಲದಡಿಯ ಉಣ್ಣೆ ಕತ್ತರಿಸಿದ್ದಾಯಿತು, ಜಂತಿನ ಔಷಧಿ ಕುಡಿಸಿದ್ದಾಯಿತು, ಕೊಟ್ಟಿಗೆಗೆ ಒಣ ಹುಲ್ಲು ಹಾಸಿದ್ದಾಯಿತು.

ಮುಂದಿನ ವಾರ ಇಲಾಖೆಯ ಜೀಪಿನಲ್ಲಿ ಪಿರಿಯಾಪಟ್ಟಣದಾಚೆಯ ಕೊಪ್ಪಕ್ಕೆ ಹೊರಟಿದ್ದಾಗ ಪುಟ್ಟಸಿದ್ದಮ್ಮನವರ ಫೋನು ಬಂತು.

“ಡಾಕ್ಟ್ರಮ್ಮಾ, ಈದದೆ ಕಣ್ರವ್ವ! ಅವಳಿ ಮರಿ! ಎರಡೂ ಎದ್ ನಿಂತವೆ!”

“ಗಾಡಿ ತಿರುಗಿಸಿ ಮಹದೇವಯ್ಯ!” ಎಂದು ಚಾಲಕರಿಗೆ ಕೂಗಿದ ರಾಧಾ ಅವರು, ಜೀಪು ನಿಲ್ಲುವ ಮೊದಲೇ ಇಳಿದು ಕೊಟ್ಟಿಗೆಗೆ ಓಡಿದರು. ಗಾಯದ ಜಾಗದಲ್ಲಿ ಹೊಸ ಚರ್ಮ ಕೆಂಪಗೆ ಮೂಡಿತ್ತು. ತಾಯಿ ಸೊಪ್ಪು ಮೇಯುತ್ತಿತ್ತು, ಮರಿಗಳು ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿದ್ದವು. ವೈದ್ಯೆಯೂ ಒಡತಿಯೂ ಒಬ್ಬರನ್ನೊಬ್ಬರು ತಬ್ಬಿಕೊಂಡು ನಕ್ಕರು.

ಅಂದಿನಿಂದ ಪ್ರತಿ ಮುಂಗಾರಿಗೂ ಮುನ್ನ ಹಳ್ಳಿಹಳ್ಳಿಗೆ ಹೋಗಿ, ಉಣ್ಣೆ ಕತ್ತರಿಸಿ ಮಂದೆಯ ತಪಾಸಣೆ ಮಾಡುವುದನ್ನು ಅವರು ಹಬ್ಬದಂತೆ ನಡೆಸಿಕೊಂಡು ಬಂದಿದ್ದಾರೆ. ಕುರ್ಚಿಯಿಂದ ಇಳಿಯುವ ಹೊತ್ತಿನಲ್ಲೂ ಪಿರಿಯಾಪಟ್ಟಣದ ಕಡೆಯ ಊರುಗಳಿಗೆ ಇದೇ ಕೆಲಸಕ್ಕೆ ಬರುವುದಾಗಿ ಅವರು ಮಾತು ಕೊಟ್ಟಾಗಿದೆ. ಡಾ. ರಾಧಾ ಅವರ ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ, ನೂರು ಮಳೆಗಾಲಗಳನ್ನು ಅವರು ಕಾಣಲಿ. ಈ ಸೀಮೆಯ ಕೊಟ್ಟಿಗೆಗಳೆಲ್ಲ ಅವರ ದಾರಿ ಕಾಯುತ್ತಿವೆ.