ಅರ್ಧ ವಾಕ್ಯದ ಪಾಠ

ಮೂರು ವರ್ಷ, ಪ್ರತಿ ಜುಲೈ ಕೊನೆಯ ವಾರ, ನಾನು ಶಾಲೆಯ ಕೀಯನ್ನು ಆಫೀಸಿಗೆ ವಾಪಸು ಕೊಟ್ಟೆ. ಅಲ್ಲಿನ ಸೆಕ್ರೆಟರಿ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಸಹಿ ಹಾಕಿಸಿಕೊಂಡು, ಕೀಯನ್ನು ಒಂದು ಕಂದು ಲಕೋಟೆಗೆ ಹಾಕಿ, ರಜೆ ಚೆನ್ನಾಗಿ ಕಳೆಯಿರಿ ಎನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ ಅದೇ ಪಟ್ಟಿ, ಅದೇ ಸಹಿ, ಅದೇ ಲಕೋಟೆ. ನಡುವಿನ ಆರು ವಾರ ನಾನು ಟೀಚರೂ ಅಲ್ಲ, ಏನೂ ಅಲ್ಲ.

ಜರ್ಮನಿಯ ಮ್ಯಾನ್‌ಹೈಮಿನ ಆ ಶಾಲೆಯಲ್ಲಿ ನಾನು ಬದಲಿ ಶಿಕ್ಷಕಿ, ಒಪ್ಪಂದ ಬೇಸಿಗೆ ರಜೆಯವರೆಗೆ ಮಾತ್ರ. ಗಣಿತಕ್ಕೆ ಜನ ಸಿಗದೆ ಕರೆದಿದ್ದರು. ಮೈಸೂರಿನಲ್ಲಿ ಹನ್ನೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳಿಗೆ ಕೆಲಸ ಹೊಸದೇನಲ್ಲ, ಕಾಗದ ಮಾತ್ರ ಹೊಸದು. ಮುಖ್ಯೋಪಾಧ್ಯಾಯರು ಮೊದಲೇ ಹೇಳಿಬಿಟ್ಟಿದ್ದರು: ನಿಮ್ಮ ಬಿ.ಎಡ್.ಗೆ ಇಲ್ಲಿಯ ಮಾನ್ಯತೆ ತಂದರೆ ಕೀ ನಿಮ್ಮ ಹತ್ತಿರವೇ ಉಳಿಯುತ್ತದೆ. ತರದಿದ್ದರೆ ನಾಲ್ಕನೆಯ ವರ್ಷದ ಆಚೆಗೆ ನಿಮ್ಮನ್ನು ಇಟ್ಟುಕೊಳ್ಳುವ ಅಧಿಕಾರ ನನಗಿಲ್ಲ. ನಾಲ್ಕು ವರ್ಷ ಧಾರಾಳವಾಯಿತು ಅಂದುಕೊಂಡೆ. ಆಗ ನನಗೆ ನಲವತ್ತಾರು.

ಮೊದಲ ವರ್ಷ ಹೋದದ್ದು ನಮ್ಮಪ್ಪನ ಜೋಪಾನದಿಂದ. ಬಿ.ಎಡ್. ಪಾಸಾದ ವಾರವೇ ಅವರು ನನ್ನ ಸರ್ಟಿಫಿಕೇಟುಗಳನ್ನೆಲ್ಲ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು, ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದ್ದರು. ಗೆದ್ದಲು ಹಿಡಿಯಬಾರದು, ಮೂಲೆ ಮುದುಡಬಾರದು, ಕಾಫಿ ಚೆಲ್ಲಿದರೂ ಒರೆಸಿದರೆ ಹೋಗಬೇಕು. ನಮ್ಮ ಕಡೆ ಯಾರ ಮನೆಯ ಬೀರು ತೆಗೆದು ನೋಡಿದರೂ ಹಾಗೇ ಇರುತ್ತವೆ, ಪ್ಲಾಸ್ಟಿಕ್ಕಿನೊಳಗೆ ಮಿರಮಿರ ಮಿಂಚುತ್ತ. ಇಪ್ಪತ್ತು ವರ್ಷ ಕಳೆದರೂ ಒಂದು ಕಲೆಯಿರಲಿಲ್ಲ. ಮಾನ್ಯತೆಯ ಅರ್ಜಿಗೆ ಬೇಕಾದ ನಕಲಿಗೆ ಮುದ್ರೆ ಹಾಕಿಸಲು ಇಲ್ಲಿಯ ಪಾಲಿಕೆ ಕಚೇರಿಗೆ ಹೋದಾಗ ಕೌಂಟರಿನ ಹುಡುಗಿ ಅದನ್ನು ಬೆಳಕಿಗೆ ಹಿಡಿದಳು, ಓರೆ ಮಾಡಿ ನೋಡಿದಳು, ಮುದ್ರೆಯಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಪ್ಲಾಸ್ಟಿಕ್ಕಿನ ಒಳಗಿರುವುದು ಅಸಲಿಯೋ ಬಣ್ಣದ ನಕಲೋ ತಾನು ಹೇಳುವಂತಿಲ್ಲ, ಹಾಗಾಗಿ ಮುದ್ರೆ ಒತ್ತುವಂತಿಲ್ಲ ಎಂದಳು. ಒರಟಾಗಿಯೇನೂ ಹೇಳಲಿಲ್ಲ. ನನ್ನ ಹಿಂದೆ ಆರು ಜನ ನಿಂತಿದ್ದರು.

ಮನೆಯಲ್ಲಿ ಕತ್ತರಿ ತೆಗೆದುಕೊಂಡು ಎಂಟನೆಯ ತರಗತಿಯ ಒಂದು ಚಿತ್ರಕಲಾ ಸರ್ಟಿಫಿಕೇಟಿನ ಮೇಲೆ ಪ್ರಯೋಗ ಮಾಡಿದೆ. ಪ್ಲಾಸ್ಟಿಕ್ಕಿನ ಜೊತೆ ಅಕ್ಷರಗಳೂ ಎದ್ದು ಬಂದವು. ಕತ್ತರಿ ಎತ್ತಿಟ್ಟೆ.

ಮೈಸೂರಿನಲ್ಲಿರುವ ತಮ್ಮನನ್ನು ವಿಶ್ವವಿದ್ಯಾಲಯಕ್ಕೆ ಓಡಾಡಿಸಿದೆ. ಎರಡನೆಯ ಪ್ರತಿ ಬೇಕಾದರೆ ಮೊದಲನೆಯದು ಕಳೆದುಹೋಗಿರಬೇಕಂತೆ, ಪೊಲೀಸರ ಪತ್ರ ಬೇಕಂತೆ. ಕಳೆದಿಲ್ಲ, ಚೆನ್ನಾಗಿಯೇ ಇದೆ, ಅದೇ ತೊಂದರೆ ಎಂದು ಅವನು ಹೇಳಿದರೆ ಅಲ್ಲಿಯ ಗುಮಾಸ್ತರು ನಕ್ಕರಂತೆ. ನಾಲ್ಕು ಸಲ ಹೋದ ಮೇಲೆ ಒಂದು ದಾರಿ ಸಿಕ್ಕಿತು. ಅವನು ಫೋನ್ ಮಾಡಿದ.

“ಅಕ್ಕ, ಹೊಸದು ಕೊಡ್ತಾರಂತೆ. ಆದ್ರೆ ಅಪ್ಪ ಮಾಡ್ಸಿದ್ದನ್ನ ಅವರಿಗೆ ಕೊಟ್ಬಿಡ್ಬೇಕಂತೆ. ವಾಪಸ್ ಕೊಡಲ್ಲ.”

“ಕಳಿಸ್ತೀನಿ, ಕೊಟ್ಬಿಡು,” ಎಂದೆ.

“ಫೋಟೋ ತೆಗ್ದಿಟ್ಕೋತೀಯಾ?”

ತೆಗೆದಿಟ್ಟುಕೊಂಡೆ. ಅಪ್ಪ ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು. ರಿಜಿಸ್ಟರ್ಡ್ ಪೋಸ್ಟಿಗೆ ಹಾಕುವ ಮೊದಲು ಆ ಪ್ಲಾಸ್ಟಿಕ್ಕನ್ನು ಒಮ್ಮೆ ಸೀರೆ ಸೆರಗಿನಿಂದ ಒರೆಸಬೇಕು ಅನ್ನಿಸಿತು. ತೊಟ್ಟಿದ್ದದ್ದು ಪ್ಯಾಂಟು, ಅಡುಗೆಮನೆಯ ಬಟ್ಟೆಯಿಂದ ಒರೆಸಿದೆ.

ಎರಡನೆಯ ವರ್ಷ ಜರ್ಮನ್ ಭಾಷೆಯ ಮೇಲ್ಮಟ್ಟದ ಪರೀಕ್ಷೆಗೆ ಹೋಯಿತು. ಬೆಳಿಗ್ಗೆ ಐದೂವರೆಗೆ ಎದ್ದು, ಮೂರು ಡಬ್ಬಿ ಕಟ್ಟಿ, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಕೈಯಲ್ಲಿ ಪುಸ್ತಕ. ನಮ್ಮೆಜಮಾನರು ಆರೂಮುಕ್ಕಾಲಿನ ರೈಲಿಗೆ ತಮ್ಮ ಸಾಫ್ಟ್‌ವೇರ್ ಕಂಪನಿಗೆ ಹೊರಡುವಾಗ ದಿನಾ ಒಂದು ಪ್ರಬಂಧದ ವಿಷಯ ಕೊಟ್ಟು ಹೋಗುತ್ತಿದ್ದರು: ಕಸ ವಿಂಗಡಣೆ, ವೇಗಮಿತಿ, ಸಸ್ಯಾಹಾರ. ಹದಿನೈದರ ಮಗಳು ಸಂಜೆ ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಜರ್ಮನಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಹಳೆಯ ಜಗಳ. ಆ ವರ್ಷ ಆ ಜಗಳ ನಿಲ್ಲಿಸಿದೆ, ನನಗೇ ಬೇಕಿತ್ತಲ್ಲ. ಮೊದಲ ಸಲ ಮಾತಿನ ಭಾಗದಲ್ಲಿ ಬಿದ್ದೆ. ಎರಡನೆಯ ಸಲ ದಾಟಿದೆ. ಯಾರೂ ಸಿಹಿ ಮಾಡಲಿಲ್ಲ. ಅವತ್ತು ದೋಸೆ ಹಿಟ್ಟು ಹುಳಿ ಬಂದಿರಲಿಲ್ಲ, ಚಳಿ. ಹಿಟ್ಟನ್ನು ಓವನ್ನಿನ ದೀಪದ ಕೆಳಗಿಟ್ಟು ಮಲಗಿದೆ.

ಅರ್ಜಿ ಹಾಕಿ ವರ್ಷ ಕಾದ ಮೇಲೆ ಶಿಕ್ಷಣ ಇಲಾಖೆಯಿಂದ ‘ಬೆಶೈಡ್’ ಬಂತು. ಇಲ್ಲಿ ಸರ್ಕಾರ ಯಾವ ತೀರ್ಮಾನ ಕೊಟ್ಟರೂ ಆ ಪತ್ರಕ್ಕೆ ಅದೇ ಹೆಸರು. ಒಂಬತ್ತು ಪುಟ. ನಾನು ಓದಿದ್ದಕ್ಕೂ ಇಲ್ಲಿ ಓದಿಸುವುದಕ್ಕೂ ಗಣನೀಯ ವ್ಯತ್ಯಾಸಗಳಿವೆ. ಒಂದು ವರ್ಷ ಹೊಂದಾಣಿಕೆಯ ತರಬೇತಿ, ಅದರ ಕೊನೆಗೆ ಇಲಾಖೆಯ ಪರೀಕ್ಷಕರ ಎದುರು ಒಂದು ಪಾಠ. ಬಿದ್ದರೆ ಇನ್ನೊಂದೇ ಅವಕಾಶ, ಅದೂ ಹೋದರೆ ಮಾನ್ಯತೆ ಇಲ್ಲ. ಈ ಪತ್ರ ಬರುವ ಹೊತ್ತಿಗೆ ಮೂರನೆಯ ವರ್ಷ ಮುಗಿದಿತ್ತು, ನಾನು ಮೂರನೆಯ ಸಲ ಕೀ ಕೊಟ್ಟಾಗಿತ್ತು.

ತರಬೇತಿಯಲ್ಲಿ ನನಗೆ ಮಾರ್ಗದರ್ಶಿಯಾಗಿ ಸಿಕ್ಕವರು ನಮ್ಮ ಶಾಲೆಯದೇ ಹಿರಿಯ ಶಿಕ್ಷಕಿ, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು. ಹಿಂದಿನ ಬೆಂಚಿನಲ್ಲಿ ಕೂತು ಸೇಬಿನ ಹೋಳು ತಿನ್ನುತ್ತ ನನ್ನ ಪಾಠ ನೋಡುತ್ತಿದ್ದರು. ಎರಡನೆಯ ವಾರ ಒಂದು ಚೀಟಿ ಕೊಟ್ಟರು, ಅದರ ತುಂಬ ಗೀಟುಗಳು. ನಾನು ಒಂದು ಗಂಟೆಯಲ್ಲಿ ಎಷ್ಟು ಸಲ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದೆ ಎಂಬ ಲೆಕ್ಕವಂತೆ.

ಅಷ್ಟು ಸಲ ಎಂದು ನನಗೆ ಗೊತ್ತೇ ಇರಲಿಲ್ಲ. ಆದರೆ ನಮ್ಮಲ್ಲಿ ಪಾಠ ಎಂದರೆ ಅದೇ ತಾನೆ. ತ್ರಿಭುಜದ ಮೂರು ಕೋನಗಳ ಮೊತ್ತ ನೂರಾ... ಎಂದು ಟೀಚರ್ ರಾಗ ಎಳೆದು ನಿಲ್ಲಿಸಬೇಕು, ಅರವತ್ತು ಮಕ್ಕಳು ಒಟ್ಟಿಗೆ ಎಂಬತ್ತು ಎನ್ನಬೇಕು. ನನಗೆ ಹೇಳಿಕೊಟ್ಟವರೂ ಹಾಗೆಯೇ ಹೇಳಿಕೊಟ್ಟರು. ಆ ಎಂಬತ್ತಿನ ಜೋರು ಕೇಳಿದರೇ ಸಾಕು, ಕ್ಲಾಸು ಎಚ್ಚರವಾಗಿದೆಯೋ ತೂಕಡಿಸುತ್ತಿದೆಯೋ ತಿಳಿಯುತ್ತಿತ್ತು. ಇಲ್ಲಿ ಏಳನೆಯ ತರಗತಿಯ ಇಪ್ಪತ್ತಾರು ಮಕ್ಕಳು, ಹಿಂದಿನ ವರ್ಷ ಆರನೆಯಲ್ಲಿ ನನ್ನ ಕೈಗೆ ಬಂದಾಗ, ಮೊದಲ ತಿಂಗಳು ನನ್ನ ಅರ್ಧ ವಾಕ್ಯಗಳನ್ನು ಪಿಳಿಪಿಳಿ ನೋಡುತ್ತಿದ್ದರು, ಪಾಪ ಈಕೆಗೆ ಜರ್ಮನ್ ಪದ ಮರೆತುಹೋಯಿತು ಎನ್ನುವ ಹಾಗೆ. ಆಮೇಲೆ ಒಬ್ಬೊಬ್ಬರೇ ಪೂರ್ತಿ ಮಾಡತೊಡಗಿದರು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಇಡೀ ಕ್ಲಾಸು. ನಾನು ‘ಹುಂಡರ್ಟ್’ ಎಂದು ನಿಲ್ಲಿಸಿದರೆ ‘ಆಖ್ಟ್‌ಸಿಶ್’ ಎಂದು ಕಿಟಕಿ ನಡುಗುವ ಹಾಗೆ ಕೂಗುತ್ತಿದ್ದರು. ನೂರಾ, ಎಂಬತ್ತು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಮನೆಗೆ ಬಂದು ಹೇಳಿಕೊಂಡಿದ್ದೆ.

ಅದನ್ನು ಬಿಡಿ ಎಂದರು ಆ ಹಿರಿಯ ಶಿಕ್ಷಕಿ. ಪ್ರಶ್ನೆ ಪೂರ್ತಿ ಕೇಳಿ, ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲಿ ಹತ್ತು ಎಣಿಸಿ. ಬಿಟ್ಟೆ ಅಂದುಕೊಂಡೆ.

ಮಾರ್ಚಿನಲ್ಲಿ ಪರೀಕ್ಷೆಯ ಪಾಠ. ಹದಿನಾರು ಪುಟದ ಯೋಜನೆ ಬರೆದೆ. ಎಷ್ಟನೆಯ ನಿಮಿಷಕ್ಕೆ ಮಕ್ಕಳು ಏನನ್ನು ಕಂಡುಕೊಳ್ಳುತ್ತಾರೆ ಎಂಬುದೂ ಅದರಲ್ಲಿತ್ತು. ಬಣ್ಣದ ಕಾಗದದ ತ್ರಿಭುಜಗಳನ್ನು ಮನೆಯಲ್ಲೇ ಕತ್ತರಿಸಿ ಖಾಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ತಂದಿದ್ದೆ. ಮಕ್ಕಳು ಮೂರು ಮೂಲೆ ಹರಿದು ಪಕ್ಕಪಕ್ಕ ಜೋಡಿಸಿ, ಅದು ಸರಳರೇಖೆಯಾಗುವುದನ್ನು ತಾವೇ ನೋಡಬೇಕು. ನೋಡಿದರು ಕೂಡ. ಎಲ್ಲ ಸರಿಯಾಗಿಯೇ ನಡೆದಿತ್ತು. ಮೂವತ್ತೆರಡನೆಯ ನಿಮಿಷ ಇರಬೇಕು, ಪರೀಕ್ಷಕರು ತಲೆ ಬಗ್ಗಿಸಿ ಏನೋ ಬರೆಯುವುದು ಕಂಡಿತು. ಮುಂದಿನ ಜರ್ಮನ್ ವಾಕ್ಯ ತಲೆಯಿಂದ ಪೂರ್ತಿ ಹಾರಿಹೋಯಿತು, ನಾಲಿಗೆ ತನಗೆ ಗೊತ್ತಿದ್ದ ದಾರಿ ಹಿಡಿಯಿತು. ಹಾಗಾದರೆ ಮೂರೂ ಸೇರಿ ಹುಂಡರ್ಟ್... ಎಂದು ಎಳೆದು ನಿಲ್ಲಿಸಿದೆ.

ಮಕ್ಕಳಿಗೂ ಗೊತ್ತಿತ್ತು ಇದು ನನ್ನ ಪರೀಕ್ಷೆ ಎಂದು. ನಾನು ತಡವರಿಸಿದ್ದು ಅವರಿಗೆ ಕಂಡಿತು. ಇಪ್ಪತ್ತಾರು ಜನ ಸೇರಿ, ಎಂದೂ ಹೇಳದಷ್ಟು ಜೋರಾಗಿ, ಉಳಿದರ್ಧ ಹೇಳಿ ನನ್ನನ್ನು ದಡ ಸೇರಿಸಿದರು. ಮುಂದಿನ ಬೆಂಚಿನ ಹುಡುಗಿ ನನ್ನ ಕಡೆ ಹೆಬ್ಬೆರಳು ಕೂಡ ಎತ್ತಿ ತೋರಿಸಿದಳು. ಆಮೇಲೆ ಹತ್ತು ನಿಮಿಷ ನಾನು ಅದೇ ಅರ್ಧ ವಾಕ್ಯಗಳ ಸೇತುವೆಯ ಮೇಲೆ ನಡೆದೆ. ಗಂಟೆ ಹೊಡೆಯಿತು.

ಫಲಿತಾಂಶಕ್ಕೆ ಭೌತಶಾಸ್ತ್ರದ ಸಾಮಾನಿನ ಕೋಣೆಯಲ್ಲಿ ಕಾಯಿಸಿದರು. ಡಬ್ಬಿಯಲ್ಲಿ ಅವಲಕ್ಕಿ ಇತ್ತು, ಮುಚ್ಚಳ ತೆಗೆಯಲಿಲ್ಲ. ಕರೆದು ಕೂರಿಸಿ ಪರೀಕ್ಷಕರು ನಿಧಾನವಾಗಿ ಹೇಳಿದರು: “ತರಗತಿ ನಿಮ್ಮನ್ನು ಪ್ರೀತಿಸುತ್ತದೆ, ಅದು ಕಾಣುತ್ತದೆ. ಆದರೆ ಎಲ್ಲರೂ ಒಟ್ಟಿಗೆ ಕೂಗಿದಾಗ ಯಾರು ಯೋಚಿಸಿದರು, ಯಾರು ಪಕ್ಕದವರ ಬಾಯಿ ನೋಡಿದರು? ನಿಮಗೆ ಗೊತ್ತೆ?”

ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಾನು ಹಾಗೆ ಕೇಳಿಕೊಂಡಿರಲಿಲ್ಲ. ಉತ್ತೀರ್ಣಳಲ್ಲ ಎಂದರು. ಜೂನಿನಲ್ಲಿ ಮತ್ತೊಂದು ಪಾಠ, ಅದೇ ಕೊನೆಯದು.

ಮರುದಿನ ಏಳನೆಯ ತರಗತಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇನ್ನು ಮೇಲೆ ನಾನು ನಿಲ್ಲಿಸಿದರೂ ನೀವು ಹೇಳಕೂಡದು, ಯೋಚಿಸಿ ಕೈ ಎತ್ತಬೇಕು. ಹೆಬ್ಬೆರಳು ತೋರಿಸಿದ ಹುಡುಗಿ, ನಾವು ಹೇಳಿದ್ದರಿಂದ ನಿಮಗೆ ಕಷ್ಟವಾಯಿತೇ ಎಂದು ಕೇಳಿದಳು. ಇಲ್ಲ, ನಾನು ನಿಲ್ಲಿಸಿದ್ದರಿಂದ ಎಂದೆ. ಏಪ್ರಿಲ್, ಮೇ ಎರಡೂ ತಿಂಗಳು ಅವರೂ ನಾನೂ ಅಭ್ಯಾಸ ಮಾಡಿದೆವು. ನಾನು ಪ್ರಶ್ನೆ ಕೇಳಿ, ಹಸಿ ಸ್ಪಂಜಿನಿಂದ ಬೋರ್ಡು ಒರೆಸುತ್ತ, ಕನ್ನಡದಲ್ಲಿ ಒಂದರಿಂದ ಹತ್ತು ಎಣಿಸುತ್ತಿದ್ದೆ. ಮೊದಮೊದಲು ಆರಕ್ಕೇ ಬಾಯಿ ಬಿಡುತ್ತಿದ್ದೆ. ಮನೆಯಲ್ಲೂ ಅದೇ ಆಯಿತು. ಊಟಕ್ಕೆ ಏನು ಮಾಡಲಿ ಎಂದು ಕೇಳಿ ಸುಮ್ಮನೆ ನಿಂತರೆ ಇವರು ತಲೆ ಎತ್ತಿ, “ಏನೇ, ನನಗೂ ಹತ್ತು ಎಣಿಸ್ತಾ ಇದೀಯಾ?” ಎನ್ನುತ್ತಿದ್ದರು.

ಜೂನಿನ ಪಾಠದಲ್ಲಿ ನನ್ನ ಎಣಿಕೆ ಎಂಟಕ್ಕೆ ಬಂದಾಗ ಒಂದು ಕೈ ಎದ್ದಿತು. ಕಿಟಕಿಯ ಪಕ್ಕ ಕೂರುವ ಹುಡುಗನದು. ಎರಡು ವರ್ಷ ಆ ಕೂಗಿನಲ್ಲಿ ಅವನ ದನಿ ಸೇರಿದೆ ಎಂದೇ ತಿಳಿದಿದ್ದೆ. ಅವನು ನಿಧಾನವಾಗಿ, ಎರಡು ಸಲ ತಪ್ಪಿ, ಕೊನೆಗೆ ಸರಿಯಾದ ಕಾರಣ ಹೇಳಿದ. ಅವನಿಗೆ ಇಷ್ಟು ಸಮಯ ಬೇಕಿತ್ತು ಎಂದು ನನಗೆ ಅವತ್ತೇ ತಿಳಿದದ್ದು. ಮೈಸೂರಿನ ಹಿಂದಿನ ಬೆಂಚುಗಳು ಕಣ್ಣ ಮುಂದೆ ಬಂದವು, ಅಲ್ಲಿಯೂ ಹೀಗೆ ಎಷ್ಟು ಜನ ಬಾಯಿ ಮಾತ್ರ ಆಡಿಸುತ್ತಿದ್ದರೋ.

ಪಾಸಾದೆ. ಮಾನ್ಯತೆಯ ಪತ್ರ ಜುಲೈಯಲ್ಲಿ ಹಳದಿ ಲಕೋಟೆಯಲ್ಲಿ ಬಂತು. ಇವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಲ್ಯಾಮಿನೇಷನ್ ಮಾಡ್ಸೋಣ್ವಾ?” ಎಂದರು. ನಗು ಬರಲಿಲ್ಲ, ಸುಸ್ತಾಗಿತ್ತು. ಮಗಳು ನಕ್ಕಳು.

ಕೊನೆಯ ವಾರ ಏಳನೆಯ ತರಗತಿಯಲ್ಲಿ ಪುನರಾವರ್ತನೆ. ಪರೀಕ್ಷಕರಿಲ್ಲ, ಹಿಂದಿನ ಬೆಂಚಿನಲ್ಲಿ ಸೇಬಿನ ಡಬ್ಬಿಯೂ ಇಲ್ಲ. ಒಂದು ಸಲ, ಒಂದೇ ಒಂದು ಸಲ ಎಂದುಕೊಂಡು, ಬೇಕೆಂದೇ ಹುಂಡರ್ಟ್... ಎಂದು ಎಳೆದು ನಿಲ್ಲಿಸಿದೆ. ಯಾರೂ ತುಟಿ ಬಿಚ್ಚಲಿಲ್ಲ. ಹನ್ನೆರಡು ಹದಿಮೂರು ಕೈಗಳು ಅಚ್ಚುಕಟ್ಟಾಗಿ ಮೇಲೆದ್ದವು. ಕಿಟಕಿಯ ಪಕ್ಕದವನದೂ ಇತ್ತು. ಅವನನ್ನೇ ಕೇಳಿದೆ.

ಅವತ್ತು ಮಧ್ಯಾಹ್ನ ಅಭ್ಯಾಸಬಲದಿಂದ ಕೀ ಹಿಡಿದು ಆಫೀಸಿನ ಮುಂದೆ ಸಾಲಿನಲ್ಲಿ ನಿಂತೆ. ಸೆಕ್ರೆಟರಿ ಪಟ್ಟಿ ನೋಡಿ, ನಿಮ್ಮ ಹೆಸರು ಇದರಲ್ಲಿಲ್ಲ, ಕೀ ಇಟ್ಟುಕೊಂಡು ಮನೆಗೆ ಹೋಗಿ ಎಂದರು. ಹೋದೆ. ಕೀಯನ್ನು ಅಡುಗೆಮನೆಯಲ್ಲಿ ಕ್ಯಾಲೆಂಡರ್ ತೂಗುಹಾಕುವ ಮೊಳೆಗೇ ಸಿಕ್ಕಿಸಿ, ಅವತ್ತಿನ ಖಾಲಿ ಅವಲಕ್ಕಿ ಡಬ್ಬಿ ತೊಳೆಯಲು ಹಾಕಿದೆ.