ಮಾವನವರ ಕೆಮ್ಮು

ಗೌರಿ, ಮಾದೇವ, ನಿಮ್ಮ ಅಜ್ಜಿ ನಡೆಯುವುದನ್ನು ಎರಡು ಸಲ ಕಲಿತವಳು. ಮೊದಲ ಸಲ ಯಾರು ಕಲಿಸಿದರೋ ನೆನಪಿಲ್ಲ. ಎರಡನೆಯ ಸಲ ಕಲಿಸಿದ್ದು ನನ್ನ ಮಾವನವರ ಕೆಮ್ಮು. ನಗುವುದಿದ್ದರೆ ಪೂರ್ತಿ ಓದಿ ನಗಿ.

ಗುಂಡ್ಲುಪೇಟೆ ಕಡೆಯಿಂದ ಹರದನಹಳ್ಳಿಗೆ ಸೊಸೆಯಾಗಿ ಬಂದು, ನಿಮ್ಮ ಅಪ್ಪ ಹುಟ್ಟಿ ಅಂಬೆಗಾಲಿಡುತ್ತಿದ್ದಾಗ ನನಗೆ ವಿಷಮಶೀತ ಜ್ವರ ಬಂತು. ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿತ್ತು. ದೇಶ ಆಗಷ್ಟೇ ತನ್ನ ಕಾಲ ಮೇಲೆ ನಿಂತಿತ್ತು, ನಾನು ಮಲಗಿಬಿಟ್ಟೆ. ನಿಮ್ಮ ತಾತ ಎತ್ತಿನ ಗಾಡಿಯಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ಎಷ್ಟೋ ದಿನ ಪ್ರಜ್ಞೆಯಿರಲಿಲ್ಲವಂತೆ. ಯಾರೂ ನನಗೆ ಕೆಲಸ ಹೇಳದೆ ಇದ್ದದ್ದು ಜೀವನದಲ್ಲಿ ಅದೊಂದೇ ಸಲ; ಅದೂ ನನಗೆ ಗೊತ್ತಾಗದೆ ಹೋಯಿತು.

ಜ್ವರ ಬಿಟ್ಟಾಗ ಕಾಲಿನ ಶಕ್ತಿಯೂ ಬಿಟ್ಟುಹೋಗಿತ್ತು. ಹಳ್ಳಿ ಶಾಲೆಯ ಮೇಷ್ಟ್ರು ಮೈಯಲ್ಲಿರುವ ಮೂಳೆಗಳ ಲೆಕ್ಕ ಬಾಯಿಪಾಠ ಮಾಡಿಸಿದ್ದರು. ಅವನ್ನೆಲ್ಲ ಒಟ್ಟಿಗೆ ಎಬ್ಬಿಸುವುದು ಹೇಗೆಂದು ಹೇಳಿರಲಿಲ್ಲ. ಡಾಕ್ಟರು ಬೆಳಿಗ್ಗೆ ಬಂದು, "ಕೈಯೆತ್ತಿ ತಲೆ ಮುಟ್ಟಿಕೊಳ್ಳಮ್ಮ. ಎದ್ದು ನಿಲ್ಲು. ನೆಲದ ಮೇಲೆ ಕೂತು ನೀನೇ ಏಳುವ ತನಕ ಮನೆಗೆ ಕಳಿಸಲ್ಲ" ಎನ್ನುತ್ತಿದ್ದರು. ನಾನು ಸೆರಗು ಹಿಡಿದು ಗೋಡೆ ನೋಡುತ್ತಿದ್ದೆ. ನಾಚಿಕೆ ಎಷ್ಟು, ನಿಶ್ಶಕ್ತಿ ಎಷ್ಟು ಎಂದು ಬೇರೆ ಮಾಡಿ ತೋರಿಸುವ ಯಂತ್ರ ಅವರ ಹತ್ತಿರ ಇರಲಿಲ್ಲ. ನನಗೂ ಅದು ತಿಳಿಯುತ್ತಿರಲಿಲ್ಲ. ಮಗು ನನ್ನ ಮುಖ ಮರೆತುಬಿಟ್ಟರೆ ಎಂಬ ಭಯವೊಂದೇ ನನಗೆ.

ಒಂದು ದಿನ ಬಾಗಿಲಾಚೆ ಕೆಮ್ಮು ಕೇಳಿಸಿತು. ಹೆಂಗಸರಿರುವ ಕಡೆ ಮಾವನವರು ಕೆಮ್ಮಿಯೇ ಬರುತ್ತಿದ್ದರು. ಆ ಕೆಮ್ಮಿಗೆ ಸೊಸೆ ಎದ್ದು ನಿಲ್ಲುವುದು ಮನೆಯ ರೂಢಿ. ನೋಡಿದರೆ ನಾನು ನಿಂತಿದ್ದೆ! ಸೆರಗು ತಲೆಯ ಮೇಲೆ ಬಂದಿತ್ತು, ಅಂದರೆ ಕೈಯೂ ಎದ್ದಿತ್ತು. ನಿಂತಿದ್ದೇನೆಂದು ತಿಳಿದ ಕೂಡಲೇ ಕುಸಿದೆ, ನರ್ಸಮ್ಮ ಹಿಡಿದುಕೊಂಡರು.

"ಕುಂತ್ಕಳವ್ವ, ಕುಂತ್ಕೊ! ನಾನೇನು ದೇವ್ರಾ?" ಎಂದು ಮಾವನವರು ಗಾಬರಿಯಾದರು.

ಡಾಕ್ಟರು ನಕ್ಕರು. "ಯಜಮಾನರೇ, ಔಷಧಿ ನಿಮ್ಮ ಗಂಟಲಲ್ಲಿದೆ. ದಿನಾ ಬಂದು ಕೆಮ್ಮಿ."

"ಕೆಮ್ಮು ಬರದಿದ್ರೆ ಏನ್ಮಾಡ್ಲಿ ಸ್ವಾಮಿ?"

"ಬೀಡಿ ಸೇದ್ತೀರಲ್ಲ, ಬರುತ್ತೆ ಬಿಡಿ" ಎಂದರು ನರ್ಸಮ್ಮ.

ಮಾವನವರು ಹಳ್ಳಿಯಿಂದ ದಿನಾ ನಡೆದೇ ಬಂದರು. ಮೊದಲು ನಾನು ಮಂಚದ ಮೇಲಿದ್ದಾಗ ಕೆಮ್ಮಿದರು, ಆಮೇಲೆ ಚಾಪೆಯ ಮೇಲೆ ಕೂತಿದ್ದಾಗ. ಜೊತೆಗೆ ಸುದ್ದಿ ತರುತ್ತಿದ್ದರು: "ನಿನ್ ಮಗ ಗೋಡೆ ಹಿಡ್ಕಂಡು ನಡೀತಾವ್ನೆ ಕಣವ್ವ. ನೀ ಮುಂದೋ, ಅವ್ನು ಮುಂದೋ ನೋಡನ."

ಅವನೇ ಗೆದ್ದ. ನೆಲದಿಂದ ನಾನೇ ಎದ್ದು, ನಡೆದು ತೋರಿಸಿ ಮನೆಗೆ ಬಂದಾಗ ಅವನು ಅತ್ತೆಯ ಹಿಂದೆ ಅವಿತುಕೊಂಡು ಇಣುಕಿದ. ನಾನು ನೆಲದ ಮೇಲೆ ಕೂತು ಕೈ ಚಾಚಿದೆ. "ಓಗ್ಲಾ, ನಿಮ್ಮವ್ವ ಕಣ್ಲಾ" ಎಂದರು ಅತ್ತೆ. ಬಹಳ ಹೊತ್ತು ಯೋಚಿಸಿ, ತೊಡರುತ್ತ ಬಂದು ಮಡಿಲಿಗೆ ಬಿದ್ದ. ಎತ್ತಿಕೊಂಡು ಏಳಲು ಹೋದರೆ ಆಗಲೇ ಇಲ್ಲ. ಡಾಕ್ಟರ ಪರೀಕ್ಷೆಯಲ್ಲಿ ಮಗುವಿನ ಭಾರ ಇರಲಿಲ್ಲವಲ್ಲ! ಆಗ ಜಗಲಿಯಿಂದ ಕೆಮ್ಮು ಕೇಳಿಸಿತು. ಎದ್ದೆ, ಮಗುವನ್ನು ಎತ್ತಿಕೊಂಡೇ.

ಅದು ಬೀಡಿಯ ಕೆಮ್ಮೋ, ಬೇಕೆಂದೇ ಕೆಮ್ಮಿದ್ದೋ, ಕೇಳುವ ಧೈರ್ಯ ನನಗೆ ಕೊನೆಯ ತನಕ ಬರಲಿಲ್ಲ.

ಈಗ ಮಾವನವರಿಲ್ಲ, ನಿಮ್ಮ ತಾತನೂ ಇಲ್ಲ. ಕೆಮ್ಮಿ ಬರುವ ಹಿರಿಯರು ಯಾರೂ ಉಳಿದಿಲ್ಲ. ಮಂಡಿ ಹಿಡಿದುಕೊಂಡಾಗ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ನಾನೇ ಕೆಮ್ಮಿ ನಾನೇ ಏಳುತ್ತೇನೆ. ಅಜ್ಜಿಗೆ ನೆಗಡಿಯೆಂದು ನೀವು ಕಷಾಯ ತರುತ್ತೀರಿ. ನಿಜ ಹೇಳಲು ನಾಚಿ ಕುಡಿಯುತ್ತೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಮುಂದೆ ನಾನು ಹಾಸಿಗೆ ಹಿಡಿದು, ಯಾರು ಕರೆದರೂ ಏಳದಿದ್ದರೆ ಇವನ್ನು ಡಾಕ್ಟರಿಗೆ ತೋರಿಸಿ. ಆಮೇಲೆ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿ ನೋಡಿ.