ಎಲ್ಲಿಗೆ ಎಂದು ಕೇಳದ ವನಮಾಲಾ

ಮುಂಬಯಿಯ ಅಂಧೇರಿಯ ಆಫೀಸಿನಲ್ಲಿ ವನಮಾಲಾ ಮೇಡಂ ಕಣ್ಣು ತಪ್ಪಿಸಿ ಒಂದು ಕಂಪ್ಯೂಟರೂ ಹೊರಗಿನ ನೆಟ್‌ವರ್ಕಿಗೆ ಕಾಲಿಡುವಂತಿಲ್ಲ. ಯಂತ್ರಗಳ ಓಡಾಟವೆಲ್ಲ ದಾಖಲಾಗುವ ಲಾಗ್‌ಗಳಿಗೆ ಕ್ವೆರಿ, ಅಂದರೆ ಕಂಪ್ಯೂಟರ್ ಭಾಷೆಯ ಪ್ರಶ್ನೆ, ಬರೆದು, ಯಾವುದು ಹೊರಟಿತು, ಯಾರ ಬಳಿಗೆ, ಎಷ್ಟು ಮಾಹಿತಿ ಹೊತ್ತುಕೊಂಡು ಎಂದು ಸೊಸೆಯನ್ನು ಕಾಯುವ ಅತ್ತೆಯಂತೆ ವಿಚಾರಿಸುತ್ತಾರೆ. ಗಡಿಯಾರ ತಪ್ಪಿದರೂ ತಾನು ತಪ್ಪದೆ ಒಂದೇ ಅಪರಿಚಿತ ವಿಳಾಸಕ್ಕೆ ಹೋಗಿಬರುವ ಯಂತ್ರ ಕಂಡರೆ, "ಇಷ್ಟು ಶಿಸ್ತು ಮನುಷ್ಯರಿಗೆಲ್ಲಿ ಬರುತ್ತೆ, ಒಳಗೆ ಕಳ್ಳ ಹೊಕ್ಕಿದ್ದಾನೆ" ಎಂದು ಹಿಗ್ಗುತ್ತಾರೆ. ಆದರೆ ಸಯನ್ ಬಡಾವಣೆಯ ತಮ್ಮ ಮನೆಯಲ್ಲಿ, ಹೊರಟವರನ್ನು ಎಲ್ಲಿಗೆ ಎಂದು ಕೇಳುವುದು ಅಪಶಕುನವೆಂದು, ಮಗಳನ್ನು ಇವತ್ತಿನವರೆಗೆ ಕೇಳಿದವರಲ್ಲ. ಮೊನ್ನೆ ಹೊಸ ಕುರ್ತಾ ತೊಟ್ಟ ಮಗಳು ಅಪೇಕ್ಷಾ ಹೊರಟವಳು ಬಾಗಿಲಲ್ಲೇ ನಿಂತಳು: "ಮಮ್ಮಿ, ಒಂದ್ಸಲ ಕೇಳು ನಾ, ಎಲ್ಲಿಗೆ ಅಂತ." ವನಮಾಲಾ ಸೋಫಾದಲ್ಲಿ ಸರಿದು ಜಾಗ ಮಾಡಿದರು. "ಚಪ್ಪಲಿ ಬಿಟ್ಟು ಕೂತ್ಕೋ. ಕೂತವರನ್ನ ಕೇಳಬಹುದು."